ಬೆಳಕಿಗೆ ಕೊಡುವುದು

ಸುಂಟಿಕೊಪ್ಪದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನಮ್ಮ ದೊರೆ ಇಂಗ್ಲೆಂಡಿನವರು, ಅವರ ಹೆಂಡತಿ ಸ್ಪೇನ್ ದೇಶದವರು. ಕನ್ನಡ ಕಲಿತೇ ತೀರುತ್ತೇನೆಂಬ ಹಟ ದೊರೆಸಾನಿಯದು. ಒಂದು ಕನ್ನಡ ಮಾತಿಗೆ ನಿಮ್ಮದೊಂದು ಮಾತು ಕೊಡಬೇಕೆಂದು ನಾನೇ ಕರಾರು ಹಾಕಿದೆ. ಒಂದು ಕಡೆ ಕೂತು ಗೊತ್ತಿಲ್ಲದವನು ನಾನು, ಬಂಗಲೆಯ ಜಗಲಿಯಲ್ಲಿ ನಿಂತುಕೊಂಡೇ ಪಾಠ ಕಲಿತೆ.

ಹಾಗೆ ಸಿಕ್ಕಿದ ಮಾತು ‘ಲೂಥ್’. ಬೆಳಕು. ಕಿಟಕಿಯಿಂದ ಬರುವುದೂ ಲೂಥ್, ಲಾಟೀನಿನದೂ ಲೂಥ್. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ನನ್ನ ಬಸುರಿ ಹೆಂಡತಿಯನ್ನು ಕಂಡು ಬಂದ ದೊರೆಸಾನಿ, "ಅವರು ಯಾವಾಗ ಬೆಳಕಿಗೆ ಕೊಡ್ತಾರೆ ರೈಟ್ರೇ?" ಎಂದರು. ನಾನು ಕಣ್ಣುಕಣ್ಣು ಬಿಟ್ಟೆ. ಹೆರುವುದಕ್ಕೆ ಅವರಲ್ಲಿ ‘ದಾರ್ ಆ ಲೂಥ್’ ಎನ್ನುತ್ತಾರಂತೆ, ಬೆಳಕಿಗೆ ಕೊಡುವುದು. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಕೊಡೋದು ಸರಿ, ತಕೊಳ್ಳೋರು ಬೇಕಲ್ಲ" ಎಂದು ನಕ್ಕಳು.

ನಾನೂ ಸುಮ್ಮನಿರಲಾರದೆ ದೊರೆಸಾನಿಗೆ ನಮ್ಮ ಪದ್ಧತಿ ಹೇಳಿದ್ದೆ. ಮಗು ಹುಟ್ಟಿದರೆ ಅಂಗಳದಲ್ಲಿ ಕೋವಿಯಿಂದ ಒಂದು ಗುಂಡು ಹಾರಿಸುವುದು, ಯಾರಾದರೂ ಸತ್ತರೆ ಎರಡು. ಹುಟ್ಟಿದ್ದು ಗಂಡಾದರೆ ಮಾತ್ರ ಎಂದು ಬಿಡಿಸಿ ಹೇಳಲಿಲ್ಲ. ನಮ್ಮಲ್ಲಿ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಹೆರಿಗೆಯ ದಿನ ಮಧ್ಯಾಹ್ನವಾದರೂ ಮಗು ಬರಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಮದುವೆಗೆ ಮುಂಚೆ ದಾದಿಯಾಗಿದ್ದ ದೊರೆಸಾನಿಯನ್ನು ಓಡಿಹೋಗಿ ಕರೆತಂದೆ. ಆಮೇಲೆ ನನಗೆ ಮಾಡಲು ಏನೂ ಉಳಿಯಲಿಲ್ಲ. ಅಂಗಳದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಂಗಳಕ್ಕೆ, ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದೆ. ಅಪ್ಪ ಕೋವಿ ತುಂಬಿ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.

"ಒಂದ್ಕಡೆ ಕೂತ್ಕೋ ಮಾರಾಯ, ನಿನ್ನ ನೋಡಿ ನಂಗೆ ತಲೆ ತಿರುಗ್ತದೆ" ಎಂದರು.

ಕೂರಲಾಗಲಿಲ್ಲ. ಆ ಕೋವಿ ಇವತ್ತು ಒಂದು ಸಲ ಹಾರುತ್ತದೋ ಎರಡು ಸಲವೋ ಎಂಬುದೊಂದೇ ತಲೆಯಲ್ಲಿ. ತುಂಬ ಹೆದರಿದ್ದೆ. ಅವಳೊಬ್ಬಳು ಉಳಿದರೆ ಸಾಕು, ಇನ್ನೇನೂ ಬೇಡ ಎಂದು ಇಗ್ಗುತಪ್ಪನಿಗೆ ಹರಕೆ ಹೇಳಿಕೊಂಡೆ.

ಕೊನೆಗೆ ಮಗುವಿನ ಅಳು ಕೇಳಿತು. ದೊರೆಸಾನಿ ತೋಳು ಮಡಚಿದ ಅಂಗಿಯಲ್ಲೇ ಹೊರಗೆ ಬಂದರು. "ಬೆಳಕಿಗೆ ಕೊಟ್ರು. ಇಬ್ರೂ ಚೆನ್ನಾಗಿದ್ದಾರೆ. ಹೆಣ್ಣು." ನಾನು ಮೆಟ್ಟಿಲ ಮೇಲೆ ಕೂತೆ. ಅಪ್ಪ ಎದ್ದು, ಸಿಡಿಯದಂತೆ ಕೇಪು ತೆಗೆದು, ಕೋವಿಯನ್ನು ಒಳಗೆ ಗೂಟಕ್ಕೆ ತೂಗುಹಾಕಿದರು.

ದೊರೆಸಾನಿ ಅಂಗಳದ ಕಡೆ ನೋಡುತ್ತ ನಿಂತೇ ಇದ್ದರು. "ಗುಂಡು ಯಾವಾಗ ರೈಟ್ರೇ?"

ಆಗಷ್ಟೇ ಇನ್ನೇನೂ ಬೇಡ ಎಂದು ಬೇಡಿಕೊಂಡ ನಾಲಿಗೆಯೇ, "ಕೋವಿ ಮದ್ದು ಒದ್ದೆಯಾಗಿದೆ ಅಮ್ಮಾವ್ರೇ" ಎಂದಿತು. ಅವರು ಪಾಪ, ನಂಬಿದರು. ನಾಳೆ ಒಣಗಿಸಿ ಹಾರಿಸಿ ಎಂದು ಹೇಳಿ ಬಂಗಲೆಗೆ ಹೋದರು.

ನಾನು ಒಳಗೆ ಹೋದೆ. ಹೆಂಡತಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿದೆಯೆಂದು ತಿರುಗಿ ಹೊರಟವನನ್ನು ಅವಳ ಸ್ವರ ತಡೆಯಿತು.

"ಮದ್ದು ಒಣಗೇ ಇತ್ತಲ್ಲ. ಮೊನ್ನೆ ಬಿಸಿಲಿಗೆ ಹಾಕಿ ತೆಗೆದಿಟ್ಟವಳು ನಾನೇ."