ಕ್ಲಚ್ ಮೇಡಂ ಕಂಡ ಗೊರವ

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಡ್ರೈವಿಂಗ್ ಶಾಲೆಯ ಪುಟ್ಟ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಿನವಿಡೀ "ಕ್ಲಚ್, ಕ್ಲಚ್" ಎಂದು ಹೇಳಿ ಹೇಳಿ ಕ್ಲಚ್ ಮೇಡಂ ಆಗಿಬಿಟ್ಟಿದ್ದರು. ಹೊಸಬರನ್ನು ಅವರು ಮೊದಲು ಕರೆದೊಯ್ಯುತ್ತಿದ್ದುದು ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ಮಣ್ಣಿನ ದಾರಿಗೆ. ಅಲ್ಲಿ ಗುದ್ದುವುದಕ್ಕೆ ಏನೂ ಇರಲಿಲ್ಲ. ನೀರಿಳಿದಾಗ ಕೆಸರಿನ ಬಯಲು, ಬಯಲ ತುಂಬ ಹಕ್ಕಿಗಳು. ಕಲಿಯುವವರು ರಿವರ್ಸ್ ತೆಗೆಯಲು ಹೆಣಗುವಾಗ ಹೊತ್ತು ಕಳೆಯಲು ನೋಡತೊಡಗಿದ್ದು ಬರುಬರುತ್ತಾ ಹುಚ್ಚೇ ಆಯಿತು. ಕಾರಿಗೆ ಬೈನಾಕ್ಯುಲರ್ ಬಂತು, ಹಕ್ಕಿಗಳ ಪುಸ್ತಕ ಬಂತು.

ಚಳಿಗಾಲದ ಶುರುವಿನಲ್ಲಿ ಒಂದು ಬೆಳಿಗ್ಗೆ, ವಲಸೆ ಬಂದ ಸಣ್ಣ ಹಕ್ಕಿಗಳ ನಡುವೆ ಒಂದು ವಿಚಿತ್ರ ಗೊರವ ಹಕ್ಕಿ ಕಂಡಿತು. ಉಳಿದವು ನಿಧಾನವಾಗಿ ಕೆಸರು ಕುಕ್ಕುತ್ತಿದ್ದರೆ, ಇದು ಬಸ್ಸು ತಪ್ಪಿದವರ ಹಾಗೆ ತಲೆ ತಗ್ಗಿಸಿಕೊಂಡು ಅತ್ತಿಂದಿತ್ತ ಓಡುತ್ತಿತ್ತು. ಉದ್ದ ಕೊಕ್ಕು, ತುದಿ ಮೇಲಕ್ಕೆ ಬಾಗಿದಂತಿತ್ತು. ಟೆರೆಕ್ ಸ್ಯಾಂಡ್‌ಪೈಪರ್ ಎಂಬ ಅಪರೂಪದ ಗೊರವ ಇರಬೇಕು ಎನ್ನಿಸಿತು. ಆ ಅಳಿವೆಯಲ್ಲಿ ಅದನ್ನು ಕಂಡವರೇ ಇರಲಿಲ್ಲ.

ಊರಿನ ಹಲ್ಲಿನ ಡಾಕ್ಟರು ಹಕ್ಕಿ ನೋಡುವುದರಲ್ಲಿ ಪಳಗಿದವರು. ಮೇಡಂ ಡಾಕ್ಟರಿಗೆ ಫೋನು ಮಾಡಿದರು.

"ಕಾಲು ಯಾವ ಬಣ್ಣ?"

"ಕೆಸರು ಮೆತ್ತಿತ್ತು ಡಾಕ್ಟ್ರೇ, ಗೊತ್ತಾಗ್ಲಿಲ್ಲ."

"ಕೊಕ್ಕಿಗೂ ಕೆಸರು ಮೆತ್ತಿದ್ರೆ ಬಾಗಿದ ಹಾಗೆ ಕಾಣುತ್ತೆ ಮೇಡಂ. ಟೆರೆಕ್ ಆದ್ರೆ ಕಾಲು ಕಿತ್ತಳೆ-ಹಳದಿ ಇರ್ಬೇಕು. ಅದೊಂದು ನೋಡಿ ಹೇಳಿ, ಓಡಿ ಬರ್ತೀನಿ."

ಮಾತೇನೋ ಸರಿಯಾಗಿಯೇ ಇತ್ತು. ಮೇಡಂ ಮುಖ ಮಾತ್ರ ಸಪ್ಪಗಾಯಿತು. ಆಮೇಲೆ ಹಕ್ಕಿ ಕಂಡಾಗಲೆಲ್ಲ ದೂರದಲ್ಲೇ ಇರುತ್ತಿತ್ತು.

ಆಗ ಅವರ ಹತ್ತಿರ ಗಾಡಿ ಕಲಿಯುತ್ತಿದ್ದವರು ಸ್ವಂತ ಅಕ್ಕ. ಭಾವನಿಗೆ ಕಣ್ಣು ಮಂಜಾಗಿ, ಮನೆಯ ಕಾರು ಧೂಳು ತಿನ್ನುತ್ತಾ ನಿಂತಿತ್ತು. ನಾನೇ ಕಲಿಯುತ್ತೇನೆ ಎಂದು ಅರವತ್ತು ದಾಟಿದ ಅಕ್ಕ ಹಟ ಹಿಡಿದಿದ್ದರು. ಆದರೆ ಚಿಕ್ಕಂದಿನಿಂದ ತಂಗಿಗೆ ಬುದ್ಧಿ ಹೇಳಿದವರಿಗೆ ಈಗ ತಂಗಿಯಿಂದ ಹೇಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಒಂದು ದಿನ ಅಳಿವೆಯ ದಾರಿಯಲ್ಲಿ ಅಕ್ಕ ರಿವರ್ಸ್ ತೆಗೆಯುತ್ತಿದ್ದರು.

"ಅಕ್ಕಾ, ಸಾಕು, ನಿಲ್ಸು."

"ನಂಗೂ ಕಣ್ಣಿದೆ, ಸುಮ್ನಿರು" ಎನ್ನುತ್ತಲೇ ಅವರು ಹಿಂದಿನ ಚಕ್ರಗಳನ್ನು ಕೆಸರಿಗಿಳಿಸಿದರು. ಫೋನು ಮಾಡಿದರೆ ಗ್ಯಾರೇಜಿನವನು ಬರಲು ಹೊತ್ತಾಗುತ್ತದೆ ಎಂದ. ಎಂಜಿನ್ ಆರಿಸಿ ಇಬ್ಬರೂ ಮುಖ ಊದಿಸಿಕೊಂಡು ಒಳಗೇ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕ, "ಇದು ನನ್ನ ಕೈಲಾಗೋದಲ್ಲ ಬಿಡು" ಎಂದರು. "ನಿಮ್ಮ ಭಾವ ಮನೆ ಬಿಟ್ಟು ಹೊರಗೇ ಬರ್ತಿಲ್ಲ. ಎಲ್ಲಿಗಾದ್ರೂ ಕರ್ಕೊಂಡು ಹೋಗೋಣ ಅಂತಿದ್ದೆ."

ತಂಗಿಗೆ ಇದು ಗೊತ್ತಿರಲಿಲ್ಲ. "ನಾನು ಕಲಿಯೋವಾಗ ಹಾಲಿನ ವ್ಯಾನಿಗೇ ಗುದ್ದಿದ್ದೆ" ಎಂದರು.

"ಗೊತ್ತು. ನಾಯಿ ಅಡ್ಡ ಬಂತು ಅಂತ ನೀನು ಅಪ್ಪನ ಹತ್ರ ಸುಳ್ಳು ಹೇಳಿದ್ದೆ."

ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ನೀರು ಏರತೊಡಗಿ ಹಕ್ಕಿಗಳು ದಾರಿಯ ಕಡೆಗೆ ಸರಿದಿದ್ದವು. ಅಲುಗದೆ ನಿಂತ ಕಾರಿಗೆ ಅವು ಹೆದರಲಿಲ್ಲ.

"ಅಲ್ನೋಡೇ, ಏಡಿ ಹಿಡಿದು ನೀರಲ್ಲಿ ತೊಳ್ಕೊಂಡು ತಿಂತಿದೆ" ಎಂದರು ಅಕ್ಕ. "ನಿಮ್ಮ ಭಾವ ಕೈನೂ ತೊಳೆಯಲ್ಲ."

ಮೇಡಂ ಮೆಲ್ಲಗೆ ಬೈನಾಕ್ಯುಲರ್ ಎತ್ತಿದರು. ಅದೇ ಓಡುವ ಗೊರವ. ಏಡಿ ತೊಳೆಯುವ ಭರದಲ್ಲಿ ಹಕ್ಕಿಯ ಕೊಕ್ಕೂ ಕಾಲೂ ಶುಚಿಯಾಗಿದ್ದವು. ಕೊಕ್ಕು ಬಾಗಿಯೇ ಇತ್ತು. ಕಾಲು ಕಿತ್ತಳೆ-ಹಳದಿ.

ಮೇಡಂ ಫೋನು ಮಾಡಿದ್ದೇ ತಡ, ಡಾಕ್ಟರು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದವರ ಕೆಲಸ ಮುಗಿಸಿ, ಗ್ಯಾರೇಜಿನವನಿಗಿಂತ ಮೊದಲೇ ಬಂದರು. ಬಹಳ ಹೊತ್ತು ನೋಡಿ, "ಅದೇ" ಎಂದರು. ಆಮೇಲೆ ಪ್ಯಾಂಟು ಮಡಚಿ ಮೇಡಂ ಜೊತೆ ಕಾರು ನೂಕಿದರು. ಅಕ್ಕ ಆಕ್ಸಿಲರೇಟರ್ ತುಳಿದ ರಭಸಕ್ಕೆ ಇಬ್ಬರಿಗೂ ಕೆಸರಿನ ಸ್ನಾನವಾಯಿತು.

ಅಕ್ಕನಿಗೆ ಎರಡನೆಯ ಸಲಕ್ಕೆ ಲೈಸೆನ್ಸ್ ಸಿಕ್ಕಿತು. ಈಗ ಬಿಡುವಾದಾಗ ಭಾವನನ್ನು ಕೂರಿಸಿಕೊಂಡು ಅಳಿವೆಗೆ ಬರುತ್ತಾರೆ. ಭಾವನಿಗೆ ಹಕ್ಕಿಗಳು ಕಾಣುವುದಿಲ್ಲ, ಕೂಗು ಕೇಳುತ್ತದೆ. ಯಾವುದು ಏನು ಮಾಡುತ್ತಿದೆಯೆಂದು ಅಕ್ಕ ಹೇಳುತ್ತಾ ಹೋಗುತ್ತಾರೆ. ಹೆಸರುಗಳು ಅರ್ಧಕ್ಕರ್ಧ ತಪ್ಪು. ಮೇಡಂ ತಿದ್ದಲು ಹೋಗುವುದಿಲ್ಲ.