ಏಳು ಸೂರ್ಯರ ಸೀಮೆಯ ನೀಲಿ

ಹೊಸ ಪುಸ್ತಕದ ಅಂಟಿನ ವಾಸನೆ ಯಾರಿಗೆ ಹಿತವಲ್ಲ, ಹೇಳಿ? ನನಗೂ ಹಿತವೇ, ಒಂದು ಪುಸ್ತಕದ ವಿನಾ. ಕಳೆದ ವಾರ ಮೊಮ್ಮಗಳು ಸವಿತಾ ಅದನ್ನೇ ಎದೆಗವಚಿಕೊಂಡು ಶಾಲೆಯಿಂದ ಬಂದಳು. ಹೊಸ ಮುದ್ರಣ. ಮುಖಪುಟದ ಮೇಲೆ ಏಳು ಸೂರ್ಯರು, ಒಂದು ಆಮೆ, ಒಬ್ಬ ಹುಡುಗ. ಹಳೆಯ ಮುಖಪುಟದಲ್ಲಿ ಮೂಲೆಯಲ್ಲಾದರೂ ಇದ್ದ ಹುಡುಗಿಯನ್ನು ಈ ಸಲ ಕೈಬಿಟ್ಟಿದ್ದಾರೆ. ಇಂಥದನ್ನು ಗಮನಿಸದೆ ಬಿಡುವವಳಲ್ಲ ನಾನು.

"ಆಯಿ, ಸಾಲಿ ಗ್ಯಾದರಿಂಗಿನ್ಯಾಗ ಇದರ ನಾಟಕ ಐತಿ. ನನಗ ನೀಲಿ ಪಾರ್ಟ ಕೊಟ್ಟಾರ," ಎಂದಳು. ಮುಖ ಊದಿತ್ತು. "ಮಾತಿಲ್ಲ ಕತಿಯಿಲ್ಲ. ನೆರಳ ಬಿಟ್ಟ ಓಡೂದು, ಕಲ್ಲಾಗಿ ನಿಂದ್ರೂದು. ಭಾಳ ಹುಚ್ಚಿ ಅದಾಳ ನೋಡು ಆ ನೀಲಿ."

ಜೋಳ ಹಸನು ಮಾಡುತ್ತಿದ್ದ ಮೊರವನ್ನು ನಾನು ಕೆಳಗಿಟ್ಟೆ.

'ಏಳು ಸೂರ್ಯರ ಸೀಮೆ'ಯನ್ನು ಬರೆದವನು ನನ್ನ ಚಿಕ್ಕಪ್ಪನ ಮಗ ಗುರುಪಾದ. ಕಳೆದ ಆಷಾಢದಲ್ಲಿ ಜತ್ತದಲ್ಲಿ ತೀರಿಕೊಂಡ. ನಾನು ಮಣ್ಣಿಗೆ ಹೋಗಲಿಲ್ಲ. ಮೊಣಕಾಲು ನೋವೆಂದು ಹೇಳಿ ಕಳಿಸಿದೆ. ಪಾಪ, ಮೊಣಕಾಲುಗಳು ನಿರಪರಾಧಿಗಳು.

ಕಥೆಯನ್ನು ಅರಿಯದವರಿಗಾಗಿ ಹೇಳುತ್ತೇನೆ. ವೀರು, ನೀಲಿ ಎಂಬ ಇಬ್ಬರು ಮಕ್ಕಳು ಪಾಳುಬಾವಿಯೊಂದರ ಗೂಡಿನೊಳಗೆ ತೂರಿ, ಏಳು ಸೂರ್ಯರು ಉರಿಯುವ ಬೇರೊಂದು ಲೋಕಕ್ಕೆ ಬೀಳುತ್ತಾರೆ. ಅಲ್ಲಿ ನೆರಳನ್ನು ಸಂತೆಯಲ್ಲಿ ಮೊಳ ಹಾಕಿ ಮಾರುತ್ತಾರೆ. ಮರಳಿನ ನಾಯಿಗಳು ದಾರಿಹೋಕರ ಬೆವರನ್ನು ನೆಕ್ಕಿ ಬದುಕುತ್ತವೆ. ಏಳನೆಯ ಸೂರ್ಯ ಮುಳುಗುವವರೆಗೆ ಜೀವ ಹಿಡಿದುಕೊಂಡರೆ ಮನೆಯ ಬಾಗಿಲು ತೆರೆಯುತ್ತದೆ. ಮುದಿ ಆಮೆ ಒಂದೇ ಮಾತು ಹೇಳುತ್ತದೆ: ನೆರಳು ಬಿಟ್ಟವರು ಕಲ್ಲಾಗುತ್ತಾರೆ. ವೀರು ಕೇಳುತ್ತಾನೆ, ಬದುಕುತ್ತಾನೆ. ನೀಲಿ ಕೇಳುವುದಿಲ್ಲ.

ಪುಸ್ತಕ ಕೆಟ್ಟದ್ದಾಗಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ಅದು ಚೆನ್ನಾಗಿದೆ. ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುವುದನ್ನು, ದೂರದ ಬಿಸಿಲು ಕೆರೆಯಂತೆ ಹೊಳೆಯುವುದನ್ನು ಅನುಭವಿಸದವನು ಹಾಗೆ ಬರೆಯಲಾರ. ನಮ್ಮ ಭಾಗದ ಕನ್ನಡ ಶಾಲೆಗಳ ಮಕ್ಕಳಿಗೆ ಅದು ಬಾಯಿಪಾಠ. ಸಾಲು ತಪ್ಪಿ ಓಡುವ ಹುಡುಗಿಗೆ "ಏ ನೀಲಿ, ಕಲ್ಲಾಗ್ತಿ ನೋಡು!" ಎಂದು ಕೂಗುವುದು ರೂಢಿಯಾಗಿಬಿಟ್ಟಿದೆ. ನಾನು ಅಕ್ಕೋರಾಗಿದ್ದ ಶಾಲೆಯಲ್ಲಿ ಅದರ ಪ್ರತಿಗಳನ್ನು ಕಪಾಟಿನ ಕೆಳಗಿನ ಅರೆಯಲ್ಲಿ, ಗೆದ್ದಲಿಗೆ ಅನುಕೂಲವಾಗುವಂತೆ ಇಟ್ಟಿದ್ದೆ. ಗೆದ್ದಲುಗಳು ಪಕ್ಕದ ಭೂಗೋಳವನ್ನು ತಿಂದು ಮುಗಿಸಿದವು, ಇದನ್ನು ಮುಟ್ಟಲಿಲ್ಲ.

ನನ್ನ ಸ್ವಭಾವವೇ ಹೀಗೆ. ಮದುವೆಯೊಂದರಲ್ಲಿ ನನ್ನ ಎಲೆಗೆ ಮಾತ್ರ ಹೋಳಿಗೆ ಬಡಿಸದೆ ಮುಂದೆ ಸಾಗಿದವನ ಹೆಸರನ್ನು ಇಂದಿಗೂ ಹೇಳಬಲ್ಲೆ. "ನಿನ್ನ ತಲಿಗೆ ತುಕ್ಕ ಹಿಡಿಯೂದಿಲ್ಲ ಬಿಡು," ಎನ್ನುತ್ತಿದ್ದರು ನನ್ನ ಯಜಮಾನರು. ಅದು ಹೊಗಳಿಕೆಯಾಗಿರಲಿಲ್ಲ ಎಂಬುದನ್ನೂ ನೆನಪಿಟ್ಟಿದ್ದೇನೆ. ಆದರೆ ಹೋಳಿಗೆಯ ಮಾತು ಬೇರೆ, ನೀಲಿಯ ಮಾತು ಬೇರೆ. ನೀಲಿ ನನ್ನ ಅಕ್ಕ. ನೀಲಮ್ಮ. ಹೆಸರನ್ನಾದರೂ ಪೂರ್ತಿ ಬದಲಿಸುವ ಸೌಜನ್ಯವನ್ನು ಗುರುಪಾದ ತೋರಲಿಲ್ಲ.

ಅಂದು ಅವಳಿಗೆ ಹದಿಮೂರು, ಅವನಿಗೆ ಹತ್ತು, ನನಗೆ ಎಂಟು. ಬೇಸಿಗೆಯ ರಜೆಯಲ್ಲಿ ಮಾಡಗ್ಯಾಳದ ಅತ್ತೆಯ ಮನೆಗೆ ಹೋಗಿದ್ದ ಅವರಿಬ್ಬರೂ ನಮ್ಮೂರು ಉಮದಿಗೆ ಮರಳುತ್ತಿದ್ದರು. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ದೊಡ್ಡವರು ಬಸ್ಸಿನ ನೆರಳಿನಲ್ಲಿ ಕುಳಿತರು. ಕುರಿ ಮೇಯುವ ಮಾಳವನ್ನು ಅಡ್ಡ ಹಾದರೆ ಊರು ಹತ್ತಿರವೆಂದು ಮಕ್ಕಳಿಬ್ಬರೂ ನಡೆಯತೊಡಗಿದರು. ಆ ಉಪಾಯ ಹುಡುಗನದೆಂದು ಬಸ್ಸಿನಲ್ಲಿದ್ದವರು ಆಮೇಲೆ ಹೇಳಿದರು. ಪುಸ್ತಕದಲ್ಲಿ ಅದೂ ನೀಲಿಯ ಪಾಲಿಗೆ ಬಂದಿದೆ. ಒಣಹಳ್ಳದ ಕಲ್ಲುಗಳಲ್ಲಿ ಅವನ ಕಾಲು ಉಳುಕಿತು. ಅವನನ್ನು ಒಂದು ಬೇವಿನ ಗಿಡದ ಬುಡದಲ್ಲಿ ಕೂರಿಸಿ ಅಕ್ಕ ಒಬ್ಬಳೇ ಬಿಸಿಲಿಗೆ ಹೊರಟಳು.

ಮುಂದಿನದು ನಮಗೆ ತಿಳಿದದ್ದು ಕುರಿಗಾರರ ಮಾಳವ್ವನಿಂದ. ಅಕ್ಕನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದವಳು ಅವಳೇ. ನಮ್ಮ ಹೊಸ್ತಿಲಲ್ಲಿ ನಿಂತು ಅವ್ವನಿಗೆ ಹೇಳಿದಳು. ನಾನು ಅವ್ವನ ಸೆರಗು ಹಿಡಿದಿದ್ದೆ.

"ಯವ್ವಾ, ನಮ್ಮ ಹಟ್ಟಿಗೆ ಬಂದಾಗ ನಿನ್ನ ಮಗಳ ಕಣ್ಣು ನೆಟ್ಟಗ ನಿಂದರ್ತಿದ್ದಿಲ್ಲ. ನೀರಿನ ಚರಿಗಿ ಹಿಡದ್ರ ದೂಡಿದ್ಲು. 'ಬೇವಿನ ಗಿಡದ ಬುಡಕ ನಮ್ಮ ಗುರು ಅದಾನ, ಮೊದಲ ಅಂವಗ ಒಯ್ರಿ' ಅಂದ್ಲು. ನಮ್ಮಾಂವ ನೀರ ತಗೊಂಡು ಓಡಿದ. ಆಮ್ಯಾಲ ಈಕಿಗೆ ಕುಡಸಾಕ ನೋಡಿದ್ವಿ. ನೀರು ಒಳಗ ಇಳೀಲಿಲ್ಲ."

ಅಂಗಳದಲ್ಲಿ ಅಕ್ಕನನ್ನು ಮಲಗಿಸಿದ್ದಾಗಲೇ, ಮಗನನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚಿಕ್ಕವ್ವ ನೆರೆದವರಿಗೆ ಹೇಳಿದಳು: "ಹೋಗಬ್ಯಾಡ ಅಂತ ನಮ್ಮ ಗುರು ಕೈ ಹಿಡದ್ರೂ ಬಿಡಿಸಿಕೊಂಡ ಹೋದ್ಲಂತ. ನೆರಳಾಗ ಕುಂದ್ರಬೇಕಿಲ್ಲೋ? ಮೊದಲಿಂದ ಹಟಮಾರಿ ಪೋರಿ." ನೆರೆದವರು ತಲೆಯಾಡಿಸಿದರು. ಏಕೆ ಆಡಿಸಿದರೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಹಟ ಮಾಡಿದವರು ಮಾತ್ರ ಸಾಯುವುದಾದರೆ ತಮ್ಮ ತಮ್ಮ ಮಕ್ಕಳು ಬದುಕುತ್ತಾರೆಂಬ ಧೈರ್ಯ ಅವರಿಗೆ ಬೇಕಾಗಿತ್ತು. ಬದುಕುಳಿದವರ ಕಥೆಗಳೆಲ್ಲ ಆ ಧೈರ್ಯವನ್ನೇ ಮಾರುತ್ತವೆ. ಮಾಳವ್ವನ ಮಾತು ಹೊಸ್ತಿಲಲ್ಲೇ ಉಳಿಯಿತು. ಚಿಕ್ಕವ್ವನ ಮಾತು ಊರು ಸುತ್ತಿ, ಕಡೆಗೆ ಅಚ್ಚಾಯಿತು.

ಪುಸ್ತಕ ಬಿಡುಗಡೆಯಾದ ದಿನ ನಾನು ಜತ್ತಕ್ಕೆ ಹೋಗಿದ್ದೆ. ಕೊರಳಲ್ಲಿ ಹಾರ ಹಾಕಿಕೊಂಡು ನಿಂತಿದ್ದವನನ್ನು ಕಂಬದ ಮರೆಗೆ ಕರೆದೆ.

"ಗುರು, ಮಾಳವ್ವ ಏನ ಹೇಳಿದ್ಲು ನಿನಗ ಗೊತ್ತಿಲ್ಲೇನು?"

"ಗೊತ್ತೈತಿ."

"ಮತ್ತ?"

"ಮಕ್ಕಳ ಕತಿ, ತಂಗಿ, ಅದು. ಯಾರರೆ ಒಬ್ಬರು ತಪ್ಪ ಮಾಡಬೇಕು. ಇಲ್ಲಂದ್ರ ಪಾಠ ಎಲ್ಲಿಂದ ಬರಬೇಕು?"

"ಆ ತಪ್ಪ ವೀರೂನ ಕಡಿಂದ ಮಾಡಸಬೇಕಿತ್ತು."

"ಅಂವಾ ಹೀರೋ ಅದಾನಲ್ಲ!" ಎಂದು ನಗಲು ನೋಡಿದ. ನಗೆ ಬರಲಿಲ್ಲ. ಫೋಟೋಕ್ಕೆಂದು ಯಾರೋ ಕೂಗಿದರು. ಹೊರಟವನು ತಿರುಗಿ, "ನಾ ಆಕಿ ಕೈ ಹಿಡದಿದ್ದೆ. ಬಿಡಿಸಿಕೊಂಡ್ಲು. ನನಗ ಅದೊಂದ ನೆನಪೈತಿ," ಎಂದ.

ತಾಯಿಯ ಮಾತನ್ನೇ ಒಪ್ಪಿಸುತ್ತಿದ್ದಾನೆಂದು ತಿಳಿದೆ. ಅಂದಿನಿಂದ ಅವನೊಡನೆ ಮಾತಾಡಲಿಲ್ಲ. ಹಬ್ಬಕ್ಕೆ ಬಂದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಅವನು ಚಹಾ ಕುಡಿದು, ಹಿತ್ತಲ ಬಾಗಿಲನ್ನೊಮ್ಮೆ ನೋಡಿ ಎದ್ದು ಹೋಗುತ್ತಿದ್ದನೆಂದು ಮಗ ಹೇಳುತ್ತಿದ್ದ.

ಇಷ್ಟನ್ನೂ ಸವಿತಾಳಿಗೆ ಮೊದಲ ಬಾರಿ ಹೇಳಿದೆ. ಅವಳು ಪುಸ್ತಕವನ್ನು ಮಗುಚಿ ನೆಲದ ಮೇಲಿಟ್ಟಳು.

"ಹಂಗಾರ ಗುರು ಅಜ್ಜ ಸುಳ್ಳ ಬರದಾನೇನು?"

"ಹೂಂ. ಸುಳ್ಳ." ಈ ಉತ್ತರವನ್ನು ನಾನು ಒಂದು ಜೀವಮಾನವೆಲ್ಲ ಸಿದ್ಧವಾಗಿಟ್ಟುಕೊಂಡಿದ್ದೆ.

"ಯಾಕ?"

ಮೊರವನ್ನು ಮತ್ತೆ ಕೈಗೆತ್ತಿಕೊಂಡೆ. "ಅಂಜಿಕ್ಯಾಗಿರಬೇಕು," ಎಂದೆ. "ಆಕಿ ತನ್ನ ಸಲುವಾಗಿ ಸತ್ತಳು ಅಂತ ಬರದಿದ್ರ, ದಿನಾ ಮುಂಜಾನೆ ಎದ್ದು ಹೆಂಗ ಉಣ್ಣಬೇಕಿತ್ತು ಅಂವಾ?" ಅವನನ್ನು ಕ್ಷಮಿಸಿದೆನೆಂದು ಯಾರೂ ತಿಳಿಯಬಾರದು. ಬಾಯಿಗೆ ಬಂದದ್ದನ್ನು ಬಂದಂತೆ ಬರೆಯುತ್ತಿದ್ದೇನೆ, ಅಷ್ಟೇ.

ಸವಿತಾ ಎದ್ದಳು. "ನಾ ಕಲ್ಲಾಗಿ ನಿಂದ್ರೂದಿಲ್ಲ. ನಡದ ಹೋಗ್ತೀನಿ. ವೀರೂಗ ನೀರ ಹೇಳಿ ಕಳಸ್ತೀನಿ. ಆಮ್ಯಾಲ ಸಾಯ್ತೀನಿ."

"ನಿಮ್ಮ ಸರ್ ಬೈತಾರ."

"ಬೈಲಿ. ನೀ ಬಾ, ಅವರ ಜೋಡಿ ನೀ ಜಗಳಾಡು. ನಿನಗ ಚಲೋ ಬರ್ತೈತಿ."

ಕಟ್ಟೆಯ ನೆರಳಿನಿಂದ ಅಂಗಳದ ಬಿಸಿಲಿಗೆ ಇಳಿದು ಅಭ್ಯಾಸಕ್ಕೆ ತೊಡಗಿದಳು. ಅರ್ಧಕ್ಕೆ ನಿಂತು, ನನಗೆ ಬೆನ್ನು ಮಾಡಿಯೇ ಕೇಳಿದಳು:

"ಆಯಿ, ಹೋಗಾಗ ಆಕಿ ಅಂವನ್ನ ಹಿಂದ ಹೊಳ್ಳಿ ನೋಡಿದ್ಲೇನು?"

ಅದನ್ನು ಬಲ್ಲವನು ಒಬ್ಬನೇ ಇದ್ದ. ಎಷ್ಟೋ ಹಬ್ಬಗಳಲ್ಲಿ ನನ್ನದೇ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಹೋಗಿದ್ದ.

"ಗೊತ್ತಿಲ್ಲವಾ," ಎಂದೆ. "ನೀ ಹೊಳ್ಳಿ ನೋಡು."