ಯದುಗಿರಿಯಮ್ಮನ ಎರಡು ಹಾಳೆ

ಬೇಲೂರಿನ ಗುಡಿಯ ಬೀದಿಯಲ್ಲಿ ಯದುಗಿರಿಯಮ್ಮನೆಂದರೆ ದೆವ್ವದ ಕಥೆ ಓದಿ ನಗುವ ಹೆಂಗಸು ಎಂದೇ ಹೆಸರಾಗಿತ್ತು. ಗಂಡ ಭಾಷ್ಯಂ ಅವರದು ದೇವಸ್ಥಾನದ ಸೇವೆ. ಸಂಜೆಯ ಪೂಜೆಗೆ ತುಳಸಿಮಾಲೆ ಕಟ್ಟುವ ಕೆಲಸ ಈಕೆಯ ಪಾಲಿನದು. ಬೆಳಗಿನಿಂದ ಒಲೆ, ಬಾವಿ, ದೇವರ ಮನೆ. ಅದರ ನಡುವೆ ಅವರು ಬಯಸುತ್ತಿದ್ದುದು ನಗೆಯ ಮಾಯಾಕಾದಂಬರಿಗಳನ್ನು. ಹಾರುವ ಮಂಚದಿಂದ ಬಿದ್ದು ಸೊಂಟ ಹಿಡಿದುಕೊಳ್ಳುವ ರಾಜಕುಮಾರ, ಕತ್ತಲೆಗೆ ಹೆದರುವ ಬ್ರಹ್ಮರಾಕ್ಷಸ, ಇಂಥವರ ಸಹವಾಸ ಅವರಿಗೆ ಬಲು ಇಷ್ಟ.

ಬಿಡುವೆಂದರೆ ಮಾಲೆ ಕಟ್ಟುವ ಹೊತ್ತು ಮಾತ್ರ. ಆದರೆ ಆಗ ಅವರು ಮಡಿಯಲ್ಲಿರುತ್ತಿದ್ದರು. ಊರೆಲ್ಲ ಮುಟ್ಟಿದ ವಾಚನಾಲಯದ ಪುಸ್ತಕವನ್ನು ಮುಟ್ಟುವಂತಿರಲಿಲ್ಲ. ಇದಕ್ಕೆ ದಾರಿಯಾದವರು ಪಕ್ಕದ ಬೀದಿಯ ಶಿವಗಂಗಮ್ಮ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮಗಳು. ಆಕೆಗೆ ಓದು ಬಾರದು, ಕಥೆಯೆಂದರೆ ಪ್ರಾಣ. ಮಧ್ಯಾಹ್ನ ಆಕೆ ಯದುಗಿರಿಯಮ್ಮನ ಮನೆಯ ಜಗಲಿಯಲ್ಲಿ ಮಣೆಯ ಮೇಲೆ ಪುಸ್ತಕ ತೆರೆದಿಟ್ಟು ಕೂರುವರು. ಹೊಸ್ತಿಲೊಳಗೆ ಯದುಗಿರಿಯಮ್ಮ, ಕೈ ತುಳಸಿಯಲ್ಲಿ, ಕಣ್ಣು ಪುಸ್ತಕದಲ್ಲಿ, ಓದು ಗಟ್ಟಿಯಾಗಿ. ಪುಟ ಮುಗಿದಾಗ ಅವರು ತಲೆಯಾಡಿಸಿದರೆ ಶಿವಗಂಗಮ್ಮ ಹಾಳೆ ಮಗುಚುವರು. ರಾಮಾಯಣವಿಟ್ಟು ಓದುವ ವ್ಯಾಸಪೀಠವನ್ನು ಮಾತ್ರ ಈ ಪುಸ್ತಕಗಳಿಗೆ ಕೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾಚನಾಲಯ ನೋಡಿಕೊಳ್ಳುವ ನಂಜುಂಡಯ್ಯ ಬಂದು ಜಗಲಿಯಂಚಿಗೆ ಕೂತರು. ಅಂದು ಸಂಜೆ ಸಮಿತಿಯ ಸಭೆಯಂತೆ. ಇಂಥ ಕಾದಂಬರಿಗಳನ್ನು ಇನ್ನು ತರಿಸುವುದು ಬೇಡ, ಇರುವುದನ್ನೂ ಸಾಗಹಾಕೋಣ ಎಂದು ಮಾತಾಗಿದೆಯಂತೆ.

"ಬುದ್ಧಿ ಬೆಳೆಯೋ ಪುಸ್ತಕ ತರೋಣ ಅಂತಾರೆ ಕಣ್ರಮ್ಮ. ನನಗೂ ಹಾಗೇ ಅನ್ಸುತ್ತೆ" ಎಂದರು.

ಯದುಗಿರಿಯಮ್ಮನ ಕೈ ನಿಂತಿತು. ದಿನದಲ್ಲಿ ತಮ್ಮದೆಂದು ಇದ್ದುದು ಅದೊಂದೇ ಗಳಿಗೆ. ನಮ್ಮ ಗುಡಿಯ ಗೋಡೆಯಲ್ಲೇ ಹೆಂಗಸಿನ ಸೀರೆ ಎಳೆಯುವ ಕೋತಿಯನ್ನು ಕಡೆದಿದ್ದಾರೆ, ಸ್ವಾಮಿಗೆ ಬೇಡವಾಗದ ನಗು ಸಮಿತಿಗೆ ಏಕೆ ಬೇಡವಾಯಿತು ಎಂದು ಮೆಲ್ಲಗೆ ಕೇಳಿದರು. ನಂಜುಂಡಯ್ಯ ನಕ್ಕು, ಸರಿ, ನೀವು ಓದಿ, ನಾನೂ ಕೇಳಿ ನೋಡುತ್ತೇನೆ ಎಂದರು.

ಅಂದಿನ ಪುಸ್ತಕದಲ್ಲಿ ಒಬ್ಬ ಮಂತ್ರಿಗೆ ಮಾಂತ್ರಿಕನ ಶಾಪ. ಮಂತ್ರಿ ಕ್ಷಮೆ ಕೇಳಲು ಬಾಯಿ ತೆರೆದ, ಹಾಳೆ ಮಗುಚಿತು, ಕತ್ತೆಯಾಗಿ ಸಿಂಹಾಸನವೇರಿದ. ಮೂವರೂ ಹೊಟ್ಟೆ ಹಿಡಿದು ನಕ್ಕರು. ಓದು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಶಿವಗಂಗಮ್ಮ ಮಗುಚಿದ ಹಾಳೆಗಳನ್ನು ತಡವಿ ನೋಡಿದರು.

"ಅಯ್ಯೋ ಶಿವನೇ, ಎಲ್ಡು ಹಾಳೆ ಅಂಟ್ಕೊಂಡೈತೆ ಯದುಗಿರಮ್ಮ. ಒಟ್ಗೇ ಮಗುಚ್ಬುಟ್ಟಿವ್ನಿ."

ನಂಜುಂಡಯ್ಯನಿಗೆ ಬೇಕಾದ್ದು ಸಿಕ್ಕಿತು. ನಡುವಿನ ಎರಡು ಪುಟ ಹಾರಿಹೋದರೂ ಯಾರಿಗೂ ತಿಳಿಯಲಿಲ್ಲ, ಇಂಥದ್ದು ಇದ್ದರೇನು ಹೋದರೇನು ಎಂದು ಎದ್ದೇ ನಿಂತರು.

ಅವರ ಮಾತು ಸುಳ್ಳೆನ್ನುವ ಹಾಗಿರಲಿಲ್ಲ. ಯದುಗಿರಿಯಮ್ಮ ತಾವು ಮೊದಲೇ ಓದಿದ್ದ ಇನ್ನೊಂದು ಪುಸ್ತಕ ತೆಗೆಯಲು ಶಿವಗಂಗಮ್ಮನಿಗೆ ಹೇಳಿ, ಇದೊಂದನ್ನು ಕೇಳಿ ಹೋಗಿ ಎಂದು ನಂಜುಂಡಯ್ಯನನ್ನು ಕೂರಿಸಿದರು. ಅದು ಹೊಟ್ಟೆಬಾಕ ಯಕ್ಷನೊಬ್ಬನ ಕಥೆ. ಅವನು ಊಟ ಮಾಡಿದರೆ ಮಾತ್ರ ವರ ಕೊಡಬಲ್ಲ. ಒಂದು ವರ ಕೊಟ್ಟರೆ ಉಂಡದ್ದೆಲ್ಲ ಕರಗಿ ಮತ್ತೆ ಹಸಿವು. ಊರಿನವರಿಗೆ ಅವನಿಗೆ ಮುದ್ದೆ ಕಟ್ಟುವುದೇ ಕೆಲಸ. ಕೊನೆಗೆ ಊರಿನ ಹಿಟ್ಟೆಲ್ಲ ಮುಗಿದು, ಯಕ್ಷ ದೀಪ ಹಚ್ಚಲೂ ಶಕ್ತಿಯಿಲ್ಲದೆ ಮರದ ಕೆಳಗೆ ಉರುಳಿಕೊಂಡ. ಅಷ್ಟರಲ್ಲಿ ಶತ್ರುಗಳು ಬಂದರು. ಯದುಗಿರಿಯಮ್ಮ ಎರಡು ಬೆರಳೆತ್ತಿ ತೋರಿಸಿದರು. ಶಿವಗಂಗಮ್ಮ ಎರಡು ಹಾಳೆ ಒಟ್ಟಿಗೆ ಮಗುಚಿದರು. ಯಕ್ಷ ಕೈ ಬೀಸಿದ, ಊರ ಸುತ್ತ ಕೋಟೆ ಎದ್ದಿತು.

"ನಿಲ್ಲಿ ನಿಲ್ಲಿ" ಎಂದರು ನಂಜುಂಡಯ್ಯ. "ಹಸಿದು ಬಿದ್ದಿದ್ದವನು ಕೋಟೆ ಹೇಗ್ರಮ್ಮ ಎಬ್ಬಿಸ್ದ? ಊಟ ಯಾರು ಹಾಕಿದ್ರು?"

ಶಿವಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮಾಯೆಗೂ ಒಂದು ಮಡಿ, ಒಂದು ಕಟ್ಟಳೆ ಇರಬೇಕು ನಂಜುಂಡಯ್ಯನೋರೆ" ಎಂದರು ಯದುಗಿರಿಯಮ್ಮ. "ಇದ್ರೆ ಅದು ಕೆಟ್ಟಾಗ ನಗು ಬರುತ್ತೆ. ಇಲ್ದಿದ್ರೆ ಬರೀ ಗದ್ದಲ. ಆ ಕತ್ತೆ ಪುಸ್ತಕ ನೀವು ತಗೊಂಡು ಹೋಗಿ. ಇದನ್ನ ಉಳಿಸಿಕೊಡಿ."

ನಂಜುಂಡಯ್ಯ ಕತ್ತೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡರು, ಆದರೆ ಅಲ್ಲಿಂದ ಕದಲಲಿಲ್ಲ. ಊಟ ಹಾಕಿದ್ದು ಯಾರು ಅಂತ ಹೇಳಿಬಿಡಿ ಎಂದರು. ಅಷ್ಟರಲ್ಲಿ ಗುಡಿಯ ಕಡೆಯಿಂದ ಸಂಜೆಯ ಪೂಜೆಯ ನಗಾರಿ ಕೇಳಿತು. ಮಾಲೆ ಇನ್ನೂ ಗೇಣುದ್ದ ಉಳಿದಿತ್ತು. ಯದುಗಿರಿಯಮ್ಮ ನಾಲಿಗೆ ಕಚ್ಚಿಕೊಂಡು ತುಳಸಿಗೆ ಬಾಗಿದರು.

ಶಿವಗಂಗಮ್ಮ ಪುಸ್ತಕ ಮುಚ್ಚಿದರು. "ನಾಳಿಕೆ ಬನ್ನಿ ಸ್ವಾಮಿ. ಯಕ್ಷ ಒಂದಿನ ಉಪಾಸ ಇರ್ಲಿ."

ಮಾರನೆಯ ಮಧ್ಯಾಹ್ನ ಶಿವಗಂಗಮ್ಮ ಬರುವ ಮೊದಲೇ ನಂಜುಂಡಯ್ಯ ಜಗಲಿಯಲ್ಲಿದ್ದರು. ಸಭೆಯಲ್ಲಿ ತಾವು ಕೇಳಿದಷ್ಟು ಕಥೆಯನ್ನು ಹೇಳಿದರಂತೆ. ಊಟ ಹಾಕಿದ್ದು ಯಾರೆಂದು ಸಮಿತಿಯವರೆಲ್ಲ ಕೇಳಿದರಂತೆ. ಗೊತ್ತಾಗುವವರೆಗೆ ಯಾವ ಪುಸ್ತಕವನ್ನೂ ಸಾಗಹಾಕಕೂಡದು, ಹೊಸದು ತರಿಸುವ ಮೊದಲು ಯದುಗಿರಿಯಮ್ಮನವರನ್ನು ಕೇಳಬೇಕು ಎಂದು ತೀರ್ಮಾನವಾಯಿತಂತೆ.

ಹೇಳಿ ಮುಗಿಸಿ ಅವರು ತಾವೇ ಮಣೆ ಎಳೆದು ಹೊಸ್ತಿಲ ಮುಂದಿಟ್ಟರು.